ಅಳತೆಯಲ್ಲೋ, ದರದಲ್ಲೋ: ಕಟ್ಟಡದ ಲೆಕ್ಕ ನಾನು ಹಾಕುವ ಬಗೆ

ಕಟ್ಟಡದ ಲೆಕ್ಕದಲ್ಲಿ ಏಳುವ ತಕರಾರುಗಳಲ್ಲಿ ಹೆಚ್ಚಿನವು ಗುಣಾಕಾರದ ತಪ್ಪಿನಿಂದ ಬರುವುದಿಲ್ಲ. ಒಂದೇ ವಸ್ತು ಎರಡು ಸಲ ಎಣಿಕೆಗೆ ಬಂದಿರುತ್ತದೆ, ಇಲ್ಲವೇ ಒಂದು ಸಲವೂ ಬಂದಿರುವುದಿಲ್ಲ. ಅಗೆದ ಮಣ್ಣು ಉಬ್ಬುತ್ತದಲ್ಲ, ಆ ಉಬ್ಬು ಎಲ್ಲಿ ಸೇರಿತು? ಒಡೆದು ಹಾಳಾಗುವ ಇಟ್ಟಿಗೆ ಎಲ್ಲಿ ಸೇರಿತು? ಕಂಬಿಯ ಲ್ಯಾಪ್, ಅಂದರೆ ಎರಡು ಕಂಬಿ ಕೂಡುವಲ್ಲಿ ಒಂದರ ಪಕ್ಕ ಒಂದು ಹಾಯುವ ಉದ್ದ, ಎಲ್ಲಿ ಸೇರಿತು? ಅಳತೆಯಲ್ಲೋ, ದರದಲ್ಲೋ? ಕ್ವಾಂಟಿಟಿ ಸರ್ವೇಯರ್ ಆಗಿ, ಅಂದರೆ ಕಟ್ಟಡದ ಅಳತೆ ಮತ್ತು ಖರ್ಚಿನ ಲೆಕ್ಕ ಹಾಕುವ ಕೆಲಸದಲ್ಲಿ, ಯಾವ ಕೆಲಸ ಕೈಗೆತ್ತಿಕೊಂಡರೂ ನಾನು ಮೊದಲು ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುತ್ತೇನೆ. ಸ್ಕೇಲು, ಟೇಪು, ಸ್ಪ್ರೆಡ್‌ಶೀಟ್ ಎಲ್ಲ ಆಮೇಲೆ.

ಉತ್ತರ ಸಿಗುವುದು ಅಳತೆಯ ನಿಯಮದ ಪುಸ್ತಕದಲ್ಲಿ. ಭಾರತದಲ್ಲಿ ಐಎಸ್ 1200 ಎಂಬ ಭಾರತೀಯ ಮಾನಕ ಇದೆ, ಕೆಲಸಕ್ಕೊಂದು ಭಾಗದಂತೆ. ಬ್ರಿಟನ್ನಿನಲ್ಲಿ ಎಸ್‌ಎಂಎಂ 7 ಎಂಬ ಹಳೆಯ ನಿಯಮಗಳ ಜಾಗಕ್ಕೆ 2013ರಿಂದ ಎನ್‌ಆರ್‌ಎಂ 2 ಬಂತು. ಯಾವುದು ಒಳ್ಳೆಯದು ಅನ್ನುವುದಕ್ಕಿಂತ, ಈ ಗುತ್ತಿಗೆಗೆ ಯಾವುದು ಅನ್ವಯ ಅನ್ನುವುದು ಮುಖ್ಯ. ಗುತ್ತಿಗೆಯ ಪತ್ರದಲ್ಲಿ ಅದು ಸ್ಪಷ್ಟವಾಗಿ ಇಲ್ಲದಿದ್ದರೆ ನಾನು ನಕ್ಷೆಯನ್ನು ಬಿಡಿಸುವುದೇ ಇಲ್ಲ, ಮೊದಲು ಬರವಣಿಗೆಯಲ್ಲಿ ಕೇಳುತ್ತೇನೆ.

ಮಣ್ಣಿನ ವಿಷಯವನ್ನೇ ತೆಗೆದುಕೊಳ್ಳಿ. ಅಗೆತದ ಅಳತೆ ಅಂದರೆ ಗುಂಡಿಯ ಅಳತೆ. ಭೂಮಿಯಲ್ಲಿ ಎಷ್ಟು ಜಾಗ ಖಾಲಿಯಾಯಿತೋ ಅಷ್ಟೇ. ಹೊರಗೆ ಬಂದ ಮಣ್ಣು ಸಡಿಲವಾಗಿ ಜಾಸ್ತಿ ಜಾಗ ತಿನ್ನುತ್ತದೆ, ಜೇಡಿಯಂಥ ಮಣ್ಣು ಕಾಲುಭಾಗಕ್ಕೂ ಮೀರಿ ಉಬ್ಬಬಹುದು. ಒಂದು ಕೆಲಸದಲ್ಲಿ ಗುತ್ತಿಗೆದಾರರ ಕಡೆಯವರು ಲಾರಿ ಲೋಡಿನ ಚೀಟಿಗಳನ್ನು ತಂದು, 'ಸಾರ್, ಇಷ್ಟು ಮಣ್ಣು ಹೊರಗೆ ಹೋಗಿದೆ, ನಿಮ್ಮ ಲೆಕ್ಕದಲ್ಲಿ ಕಮ್ಮಿ ಇದೆಯಲ್ಲ' ಎಂದರು. ಚೀಟಿಗಳು ಸುಳ್ಳಲ್ಲ, ನನ್ನ ಅಳತೆಯೂ ಸುಳ್ಳಲ್ಲ. ಉಬ್ಬಿದ ಮಣ್ಣನ್ನು ಸಾಗಿಸುವ ಖರ್ಚು ಅವರೇ ಕೊಟ್ಟ ದರದೊಳಗೆ ಸೇರಿರಬೇಕಿತ್ತು. ಅವರ ದರದ ವಿವರಣೆ ತೆಗೆಸಿ ನೋಡಿದೆವು. ಸೇರಿತ್ತು. ಅಲ್ಲಿಗೆ ಮಾತು ಮುಗಿಯಿತು.

ಗುಂಡಿಯ ಬದಿಗಳು ಇಳಿಜಾರಾಗಿದ್ದರೆ ಸೂತ್ರದ ಆಯ್ಕೆಯೂ ಹಣವೇ. ಮೇಲೆ 10 × 10 ಮೀಟರ್, ತಳದಲ್ಲಿ 6 × 6 ಮೀಟರ್, ಆಳ 3 ಮೀಟರ್ ಇರುವ ಗುಂಡಿ ಇದೆ ಅಂದುಕೊಳ್ಳಿ. ಮೇಲಿನ ಮತ್ತು ತಳದ ವಿಸ್ತೀರ್ಣದ ಸರಾಸರಿ ತೆಗೆದು ಆಳದಿಂದ ಗುಣಿಸಿದರೆ 204 ಘನ ಮೀಟರ್ ಬರುತ್ತದೆ. ನಡುವಿನ 8 × 8 ಮೀಟರಿನ ವಿಸ್ತೀರ್ಣಕ್ಕೆ ನಾಲ್ಕು ಪಟ್ಟು ತೂಕ ಕೊಡುವ ಪ್ರಿಸ್ಮಾಯ್ಡಲ್ ಸೂತ್ರದಲ್ಲಿ 196 ಬರುತ್ತದೆ. ನಿಜವಾದ ಗಾತ್ರ 196. ಸರಾಸರಿಯ ದಾರಿ ಸುಲಭ, ಆದರೆ ಒಂದು ಗುಂಡಿಗೆ 8 ಘನ ಮೀಟರ್ ಪುಕ್ಕಟೆ ಕೊಟ್ಟಂತೆ.

ಬುನಾದಿ ಮತ್ತು ಗೋಡೆಗಳಿಗೆ ನನಗೆ ಇಷ್ಟವಾದದ್ದು ಸೆಂಟರ್ ಲೈನ್ ಪದ್ಧತಿ, ಅಂದರೆ ಗೋಡೆಗಳ ನಡುಗೆರೆಯ ಉದ್ದ ಹಿಡಿದು ಲೆಕ್ಕ ಹಾಕುವುದು. ಒಂದೇ ಅಗಲದ ಗೋಡೆಗಳಿದ್ದರೆ ಇದರಷ್ಟು ಬೇಗ ಬೇರೇನೂ ಆಗುವುದಿಲ್ಲ. ಪಕ್ಕಪಕ್ಕದಲ್ಲಿ ಎರಡು ಕೋಣೆ, ಒಳಗಿನ ಅಳತೆ ತಲಾ 4 × 5 ಮೀಟರ್, ಗೋಡೆಗಳೆಲ್ಲ 0.3 ಮೀಟರ್ ದಪ್ಪ, ನಡುವಿನ 5 ಮೀಟರ್ ಗೋಡೆ ಎರಡಕ್ಕೂ ಒಂದೇ. ಗೋಡೆಯ ನಡುಗೆರೆಯಿಂದ ನಡುಗೆರೆಗೆ ಹೊರಗಿನ ಆಯತ 8.6 × 5.3 ಆಗುತ್ತದೆ. ಸುತ್ತಳತೆ 27.8, ನಡುವಿನ ಗೋಡೆ 5.3, ಒಟ್ಟು 33.1 ಮೀಟರ್. ನಡುವಿನ ಗೋಡೆ ಹೊರಗೋಡೆಗೆ ಸೇರುವ ಎರಡು ಕಡೆ ಟಿ ಆಕಾರದ ಕೂಡು ಇದೆ. ಅಲ್ಲಿ ಅರ್ಧ ಅಗಲದಷ್ಟು ಎರಡು ಸಲ ಎಣಿಕೆಯಾಗಿದೆ, ಕಳೆಯಬೇಕು.

ಆದರೆ ಯಾವ ಅಗಲದ ಅರ್ಧ? ಹೊಸಬರು ಇಲ್ಲಿ ನಿಧಾನಿಸಬೇಕು. ಗೋಡೆಗಾದರೆ ಎರಡು ಸಲ 0.15, ಉಳಿಯುವುದು 32.8 ಮೀಟರ್. 0.9 ಮೀಟರ್ ಅಗಲದ ಟ್ರೆಂಚಿಗಾದರೆ (ಬುನಾದಿಗೆ ಅಗೆಯುವ ಕಾಲುವೆ) ಎರಡು ಸಲ 0.45, ಉಳಿಯುವುದು 32.2. ಬುನಾದಿ ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುತ್ತಾ ಬಂದರೆ ಪ್ರತಿ ಮೆಟ್ಟಿಲಿಗೂ ಉದ್ದ ಬೇರೆಬೇರೆ. ನಡುಗೆರೆ ಮಾತ್ರ ಕದಲುವುದಿಲ್ಲ.

ಇದನ್ನು ತಾಳೆ ನೋಡಲು ಒಂದು ದಾರಿ ಇದೆ, ನಾನು ಎಂದೂ ಬಿಡುವುದಿಲ್ಲ. ಕಟ್ಟಡದ ಹೊರಗಿನ ಅಳತೆ 8.9 × 5.6, ಅಂದರೆ 49.84 ಚದರ ಮೀಟರ್. ಕೋಣೆಗಳು ಎರಡೂ ಸೇರಿ 40. ಗೋಡೆಗಳು ನಿಂತ ಜಾಗ 32.8 × 0.3, ಅಂದರೆ 9.84. ಎರಡನ್ನೂ ಕೂಡಿದರೆ ಸರಿಯಾಗಿ 49.84. ಕೋಣೆಗಳು ಮತ್ತು ಗೋಡೆಗಳು ಸೇರಿ ಇಡೀ ಕಟ್ಟಡವನ್ನು ತುಂಬಲೇಬೇಕು, ಅಲ್ವಾ? ತುಂಬದಿದ್ದರೆ ಎಲ್ಲೋ ಬಿಟ್ಟಿದೆ, ಮೀರಿದರೆ ಎಲ್ಲೋ ಎರಡು ಸಲ ಬಂದಿದೆ. ದೊಡ್ಡ ಕಟ್ಟಡದಲ್ಲಿ ಅಂತಸ್ತಿಗೊಂದು ಸಲ ಈ ತಾಳೆ ಮಾಡಿದರೆ ಸಾಕು, ನೆಲಹಾಸು, ಗೋಡೆ, ಸೀಲಿಂಗ್ ಮೂರಕ್ಕೂ ಧೈರ್ಯ ಬರುತ್ತದೆ.

ಕಾಂಕ್ರೀಟಿನಲ್ಲಿ ಎರಡು ಸಲ ಎಣಿಸುವ ಜಾಗ ಬೀಮ್ ಮತ್ತು ಸ್ಲ್ಯಾಬ್ ಸೇರುವಲ್ಲಿ. ಬೀಮಿನ ಪೂರ್ತಿ ಆಳ 600 ಮಿ.ಮೀ., ಅಗಲ 300, ಸ್ಲ್ಯಾಬ್ ದಪ್ಪ 150 ಇದ್ದಾಗ ಸ್ಲ್ಯಾಬನ್ನು ಬೀಮಿನ ಮೇಲೆಯೂ ಹಾಯಿಸಿ ಅಳೆದಿದ್ದರೆ ಬೀಮಿಗೆ ಉಳಿಯುವ ಆಳ 450 ಮಾತ್ರ. 600 ಹಿಡಿದರೆ ಒಂದು ಮೀಟರಿಗೆ 0.045 ಘನ ಮೀಟರ್ ಹೆಚ್ಚಾಗುತ್ತದೆ. 100 ಮೀಟರ್ ಬೀಮಿಗೆ ಅದು 4.5 ಘನ ಮೀಟರ್. ಕಾಂಕ್ರೀಟ್ ಸುರಿಯಲು ಕಟ್ಟುವ ಹಲಗೆಗೂ, ಅಂದರೆ ಶಟರಿಂಗಿಗೂ, ಇದೇ ಮಾತು. ಎರಡೂ ಕಡೆ ಸ್ಲ್ಯಾಬ್ ಇರುವ ಬೀಮಿಗೆ ಬದಿಗಳು 450 ರಂತೆ ಎರಡು, ತಳ 300, ಒಟ್ಟು ಮೀಟರಿಗೆ 1.2 ಚದರ ಮೀಟರ್. ಅಂಚಿನ ಬೀಮಿಗೆ ಹೊರಬದಿ ಪೂರ್ತಿ 600 ಬರುತ್ತದೆ. ಸ್ಲ್ಯಾಬಿನ ತಳ ಅಳೆಯುವಾಗ ಬೀಮಿನ ಅಗಲ ಬಿಡಬೇಕು, ಏಕೆಂದರೆ ಅಲ್ಲಿ ಹಲಗೆಯೇ ಇಲ್ಲ.

ಕಂಬಿ ಕಾಂಕ್ರೀಟಿನೊಳಗೆ ಜಾಗ ಹಿಡಿಯುತ್ತದೆ, ಆದರೂ ಅದನ್ನು ಕಳೆಯುವುದಿಲ್ಲ. ಕಂಬಿಯನ್ನು ತೂಕದಲ್ಲಿ ಬೇರೆ ಅಳೆಯುತ್ತೇವೆ. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ: 8 ಮಿ.ಮೀ.ಗೆ 0.395, 12ಕ್ಕೆ 0.888 ಅಥವಾ 0.889, 16ಕ್ಕೆ 1.58. ನಕ್ಷೆಯಲ್ಲಿ ತೋರಿಸಿದ ಲ್ಯಾಪ್ ಅಳತೆಗೆ ಸೇರುತ್ತದೆ. ಕತ್ತರಿಸಿ ಉಳಿದ ತುಂಡು, ಬೈಂಡಿಂಗ್ ವೈರ್ ದರಕ್ಕೆ ಸೇರುತ್ತವೆ. ಉದ್ದ ಕಂಬಿ ಸಿಗಲಿಲ್ಲವೆಂದು ಗುತ್ತಿಗೆದಾರ ತನ್ನ ಅನುಕೂಲಕ್ಕೆ ಹಾಕಿದ ಲ್ಯಾಪಿನ ಬಗ್ಗೆ ಗುತ್ತಿಗೆಯಲ್ಲಿ ಏನಿದೆ ಎಂದು ಮೊದಲೇ ಓದಿಕೊಂಡಿರುತ್ತೇನೆ. ಬಾರ್ ಬೆಂಡಿಂಗ್ ಶೆಡ್ಯೂಲ್ (ಪ್ರತಿ ಕಂಬಿಯ ಅಳತೆ, ಸಂಖ್ಯೆ, ತೂಕದ ಪಟ್ಟಿ) ಮುಗಿದ ಮೇಲೆ ಒಟ್ಟು ತೂಕವನ್ನು ಕಾಂಕ್ರೀಟಿನ ಗಾತ್ರದಿಂದ ಭಾಗಿಸಿ ನೋಡುವುದು ನನ್ನ ಅಭ್ಯಾಸ. ಗಾತ್ರದಲ್ಲಿ ಶೇಕಡಾ 1ರಷ್ಟು ಉಕ್ಕು ಅಂದರೆ ಘನ ಮೀಟರಿಗೆ 78.5 ಕಿಲೋ. ಸಾಧಾರಣ ಸ್ಲ್ಯಾಬಿಗೆ 200 ಬಂದರೆ ಎಂಜಿನಿಯರಿಗೆ ಫೋನ್ ಮಾಡುವ ಮೊದಲು ನನ್ನ ಶೆಡ್ಯೂಲನ್ನೇ ಮತ್ತೊಮ್ಮೆ ಓದುತ್ತೇನೆ.

ಗಾರೆಯ ನಿಯಮ ಎಲ್ಲರಿಗೂ ವಿಚಿತ್ರ ಅನ್ನಿಸುತ್ತದೆ. ಐಎಸ್ 1200ರ ಪ್ರಕಾರ 0.5 ಚದರ ಮೀಟರಿನವರೆಗಿನ ಕಿಂಡಿಗೆ ಏನೂ ಕಳೆಯುವಂತಿಲ್ಲ. 0.5ರಿಂದ 3ರವರೆಗಿನ ಬಾಗಿಲು ಕಿಟಕಿಗಳಿಗೆ, ಎರಡೂ ಬದಿಗೆ ಒಂದೇ ಗಾರೆ ಇದ್ದರೆ, ಒಂದು ಬದಿ ಮಾತ್ರ ಕಳೆಯಬೇಕು, ಜಾಂಬ್ (ಕಿಂಡಿಯ ಪಕ್ಕದ ಒಳಮೈ) ಮತ್ತು ಮೇಲಿನ ಅಂಚಿನ ಗಾರೆಗೆ ಬೇರೆ ಅಳತೆ ಇಲ್ಲ. 3 ಮೀರಿದರೆ ಎರಡೂ ಬದಿ ಕಳೆದು ಅಂಚುಗಳನ್ನು ಅಳೆದು ಸೇರಿಸಬೇಕು. ಮನೆ ಕಟ್ಟಿಸುವವರು 'ಬಾಗಿಲಿಗೂ ಗಾರೆ ದುಡ್ಡಾ?' ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಳೆಯದೆ ಬಿಟ್ಟ ಆ ಒಂದು ಬದಿ, ಅಂಚುಗಳನ್ನು ನೇರವಾಗಿ ಹೊಡೆಯುವ ಕಷ್ಟದ ಕೆಲಸಕ್ಕೆ ಬದಲಾಗಿ ಕೊಟ್ಟದ್ದು. ನಿಯಮದ ಈ ಲೆಕ್ಕಾಚಾರ ಗೊತ್ತಿದ್ದ ಗುತ್ತಿಗೆದಾರ ದರದಲ್ಲಿ ಅಂಚಿಗೆಂದು ಮತ್ತೆ ಹಣ ಸೇರಿಸುವುದಿಲ್ಲ. ಗೊತ್ತಿಲ್ಲದವರು ಸೇರಿಸುತ್ತಾರೆ, ಅದನ್ನು ದರ ಪರಿಶೀಲಿಸುವಾಗ ನಾನು ಹುಡುಕಿ ತೆಗೆಯುತ್ತೇನೆ.

ಅಳತೆಗಿಂತ ಹೆಚ್ಚು ಹೊತ್ತು ನಾನು ಕೊಡುವುದು ಐಟಂನ ವಿವರಣೆಗೆ. ಉದ್ದನೆಯ ಹಾಲಿನ ಗೋಡೆಗೆ 100 ಚದರ ಮೀಟರ್ ಗಾರೆ, ಚಿಕ್ಕಚಿಕ್ಕ ಬಚ್ಚಲುಗಳಲ್ಲಿ ಹರಡಿದ 100 ಚದರ ಮೀಟರ್ ಗಾರೆ. ಸಂಖ್ಯೆ ಒಂದೇ, ಕೆಲಸ ಒಂದೇ ಅಲ್ಲ. ಎರಡನೆಯದರಲ್ಲಿ ಮೂಲೆಗಳೇ ಜಾಸ್ತಿ, ಆಳು ತಿರುಗಾಡಲು ಜಾಗವಿಲ್ಲ, ಅಟ್ಟಣೆಯನ್ನು ಬಿಚ್ಚಿ ಕಟ್ಟುವುದರಲ್ಲೇ ಹೊತ್ತು ಹೋಗುತ್ತದೆ. ಎರಡನ್ನೂ ಒಂದೇ ಸಾಲಿಗೆ ಹಾಕಿದರೆ ದರ ಹಾಕುವವನು ಊಹೆ ಮಾಡಬೇಕಾಗುತ್ತದೆ, ಊಹೆಗೆ ಅವನು ಯಾವಾಗಲೂ ಸ್ವಲ್ಪ ಹೆಚ್ಚೇ ಬರೆಯುತ್ತಾನೆ. ಎನ್‌ಆರ್‌ಎಂ 2ರಲ್ಲಿ 600 ಮಿ.ಮೀ.ವರೆಗಿನ ಕಿರಿದಾದ ಗಾರೆಯನ್ನು ಬೇರೆ ಮಾಡಿರುವುದು ಇದಕ್ಕೇ. ದಪ್ಪ, ಮಿಶ್ರಣ, ಎತ್ತರ, ಬಾಗಿದ ಮೈ, ಕಿರಿದಾದ ಪಟ್ಟಿ, ಹೀಗೆ ಖರ್ಚನ್ನು ಬದಲಿಸುವ ಪ್ರತಿಯೊಂದಕ್ಕೂ ಬೇರೆ ಸಾಲು ಬೇಕು. ಖರ್ಚನ್ನು ಬದಲಿಸದ್ದಕ್ಕೆ ಬೇಡ. ಸುಮ್ನೆ ಸಾಲು ಹೆಚ್ಚಿಸಿದರೆ ಐಟಂಗಳ ಪಟ್ಟಿ ಓದುವವರು ದಣಿಯುತ್ತಾರೆ, ದೊಡ್ಡ ಐಟಂಗಳ ಮೇಲಿನ ಕಣ್ಣು ತಪ್ಪುತ್ತದೆ.

ದರ ಕಟ್ಟುವಾಗ ಹಾಳು, ಉಬ್ಬು, ಕುಗ್ಗು ಎಲ್ಲ ಒಳಗೆ ಬರುತ್ತವೆ. 190 × 90 × 90 ಮಿ.ಮೀ. ಇಟ್ಟಿಗೆಗೆ ಇಟ್ಟಿಗೆಗಳ ನಡುವಿನ 10 ಮಿ.ಮೀ. ಗಾರೆ ಸೇರಿದರೆ 200 × 100 × 100, ಅಂದರೆ ಘನ ಮೀಟರಿಗೆ 500 ಇಟ್ಟಿಗೆ. ಒಡೆಯುವುದಕ್ಕೆ ಶೇಕಡಾ 5 ಎಂದರೆ ದರದಲ್ಲಿ 525 ಹಾಕುತ್ತೇನೆ, ಆದರೆ ಗೋಡೆಯ ಅಳತೆಯನ್ನು ಮುಟ್ಟುವುದಿಲ್ಲ. ಇಟ್ಟಿಗೆ ಹಿಡಿಯುವ ಜಾಗ 0.77 ಘನ ಮೀಟರ್, ಉಳಿದ 0.23 ಗಾರೆಯದು. 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟಿಗೂ ಹೀಗೆಯೇ. ಸಿಮೆಂಟ್ ಮರಳಿನ ಸಂದಿಗೆ, ಮರಳು ಜಲ್ಲಿಯ ಸಂದಿಗೆ ಇಳಿಯುವುದರಿಂದ ಒಂದು ಘನ ಮೀಟರಿಗೆ ಒಣ ಸಾಮಗ್ರಿ ಸುಮಾರು 1.54 ಘನ ಮೀಟರ್ ಬೇಕು. ಅದರ ಏಳನೇ ಒಂದು ಭಾಗ ಸಿಮೆಂಟ್: 0.22 ಘನ ಮೀಟರ್, ಸುಮಾರು 317 ಕಿಲೋ, 50 ಕಿಲೋ ಚೀಲದಲ್ಲಿ ಆರೂಕಾಲಿಗೆ ಸ್ವಲ್ಪ ಹೆಚ್ಚು.

ಸಾಮಗ್ರಿಯ ಲೆಕ್ಕ ಪುಸ್ತಕದಿಂದ ಬರುತ್ತದೆ, ಕೂಲಿಯ ಲೆಕ್ಕ ಮಾತ್ರ ಸೈಟಿನಿಂದಲೇ ಬರಬೇಕು. ಒಂದು ತಂಡ ಒಂದು ದಿನದಲ್ಲಿ ಎಷ್ಟು ಕಟ್ಟಿತು, ಎಷ್ಟು ಜನ, ಯಾವ ಅಂತಸ್ತು, ಮಳೆ ಬಂತೇ, ಸಾಮಾನಿಗೆ ಕಾದು ಕೂತರೇ ಎಂದು ನಾನು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಮೇಸ್ತ್ರಿಗಳನ್ನು ಕೇಳಿದರೆ ಕಾರಣ ಹೇಳುತ್ತಾರೆ, ಅವರು ಹೇಳಿದ್ದು ಯಾವ ಕೋಷ್ಟಕದಲ್ಲೂ ಇರುವುದಿಲ್ಲ. ಗೋಡೆ ಭುಜದ ಎತ್ತರ ದಾಟಿದ ಮೇಲೆ ಕೆಲಸ ನಿಧಾನವಾಗುವುದನ್ನು ನಾನು ಕಲಿತದ್ದು ಅವರಿಂದಲೇ.

ಕ್ರೇನ್, ಸೈಟ್ ಆಫೀಸು, ಕಾವಲು, ನೀರು, ಕರೆಂಟು ಇವನ್ನು ಇಟ್ಟಿಗೆಯ ದರದಲ್ಲಿ ಹಂಚಿ ಅಡಗಿಸುವುದು ನನಗೆ ಒಪ್ಪಿಗೆಯಿಲ್ಲ. ಇವುಗಳಲ್ಲಿ ಕೆಲವು ಒಂದೇ ಸಲದ ಖರ್ಚು, ಕೆಲವು ತಿಂಗಳು ಕಳೆದಂತೆ ಏರುವವು. ಬೇರೆ ಬರೆದಿಟ್ಟರೆ ಕೆಲಸ ತಡವಾದಾಗ ಯಾವುದು ಹೆಚ್ಚಿತು, ಯಾವುದು ಹಾಗೇ ಉಳಿಯಿತು ಎಂದು ಇಬ್ಬರಿಗೂ ಕಾಣುತ್ತದೆ. ಗೋಡೆಯ ಅಳತೆ ಕಮ್ಮಿಯಾದರೆ ಕ್ರೇನಿನ ಬಾಡಿಗೆಯೂ ತಾನಾಗಿ ಕಮ್ಮಿಯಾಗಿಬಿಡುವ ಅನ್ಯಾಯವೂ ತಪ್ಪುತ್ತದೆ.

ಸೈಟಿನಲ್ಲಿ ಅಳೆಯುವಾಗ ನನ್ನ ಪಟ್ಟು ಒಂದೇ: ಮುಚ್ಚಿಹೋಗುವುದನ್ನು ಮುಚ್ಚುವ ಮೊದಲು ಅಳೆಯಬೇಕು, ಇಬ್ಬರೂ ನಿಂತು ಅಳೆಯಬೇಕು. ಬುನಾದಿಯ ತಳ, ಕಂಬಿ, ವಾಟರ್‌ಪ್ರೂಫಿಂಗ್ ಪದರ, ಗೋಡೆಯೊಳಗಿನ ಪೈಪು. ಪ್ರತಿ ಸಾಲಿಗೂ ಸಂಖ್ಯೆ, ಉದ್ದ, ಅಗಲ, ಎತ್ತರ ಇದೇ ಕ್ರಮದಲ್ಲಿ ಬರೆದು, ಪಕ್ಕದಲ್ಲಿ ನಕ್ಷೆಯ ಯಾವ ಗ್ರಿಡ್ ಗೆರೆಯಿಂದ ಯಾವ ಗ್ರಿಡ್ ಗೆರೆಗೆ, ಯಾವ ನಕ್ಷೆ, ನಕ್ಷೆಯ ಯಾವ ತಿದ್ದುಪಡಿ ಎಂದೂ ಬರೆಯುತ್ತೇನೆ. ಕಳೆದದ್ದನ್ನು ಗುಣಿಸಿದ ಮೊತ್ತದಲ್ಲೇ ಸೇರಿಸಿಬಿಡದೆ ಬೇರೆ ಸಾಲಾಗಿ, ಮುಂದೆ ಮೈನಸ್ ಗುರುತಿನೊಂದಿಗೆ ತೋರಿಸುತ್ತೇನೆ. ತಿದ್ದಬೇಕಾದರೆ ಹಳೆಯ ಅಂಕಿಯನ್ನು ಅಳಿಸುವುದಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಕಾಂಕ್ರೀಟ್ ಗಾಡಿ ಗೇಟಿನಲ್ಲಿ ನಿಂತಿದ್ದರೂ ಸರಿ, ಕಂಬಿಯ ಅಳತೆಯ ಹಾಳೆಗೆ ಸಹಿ ಬೀಳದೆ ಸುರಿಯಲು ನಾನು ಒಪ್ಪುವುದಿಲ್ಲ. ಅದಕ್ಕೇ ಹಿಂದಿನ ದಿನ ಸಂಜೆಯೇ ಎರಡೂ ಕಡೆಯವರನ್ನು ಸೈಟಿಗೆ ಕರೆದು ಅಳತೆ ಮುಗಿಸಿಕೊಳ್ಳುತ್ತೇನೆ.