ಚಳಿಗಾಲದಲ್ಲಿ ಹೈಬ್ರಿಡ್ ಕಾರಿನ ಎಂಜಿನ್ ಬೇಗ ಬಿಸಿಯಾಗಲು ಏನು ಮಾಡಬೇಕು

ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಜಾವ ಧಾರವಾಡದ ತಾಪಮಾನ 13ರಿಂದ 15 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದು ಸಾಮಾನ್ಯ. ಹಿಮ ಬೀಳುವ ದೇಶದವರಿಗೆ ಇದು ಚಳಿಯೇ ಅಲ್ಲ. ಆದರೂ ಹೈಬ್ರಿಡ್ ಕಾರು ಇಟ್ಟುಕೊಂಡವರು ಈ ಎರಡು ತಿಂಗಳಲ್ಲಿ, ಅದರಲ್ಲೂ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಂಥ ಮೂರು-ನಾಲ್ಕು ಕಿಲೋಮೀಟರಿನ ಓಡಾಟದಲ್ಲಿ, ಮೈಲೇಜ್ ಇಳಿದಿರುವುದನ್ನು ಗಮನಿಸಿರುತ್ತಾರೆ. ಇಲ್ಲಿ ಹೇಳುವುದೆಲ್ಲ ಟೊಯೊಟಾದ ಹೈಕ್ರಾಸ್, ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಹೋಂಡಾ ಸಿಟಿಯ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳಿಗೆ ಅನ್ವಯಿಸುತ್ತದೆ. ಬರೀ ಬ್ಯಾಟರಿಯ ಮೇಲೆ ಚಲಿಸಲಾರದ ಮೈಲ್ಡ್ ಹೈಬ್ರಿಡ್ ಕಾರುಗಳಿಗೆ ಇದರಲ್ಲಿ ಅರ್ಧದಷ್ಟೂ ಉಪಯೋಗಕ್ಕೆ ಬಾರದು.

ಹೈಬ್ರಿಡ್ ಕಾರಿನ ಉಳಿತಾಯದ ದೊಡ್ಡ ಪಾಲು ಇರುವುದು ಎಂಜಿನ್ ಬಂದ್ ಆಗಿರುವ ಹೊತ್ತಿನಲ್ಲಿ. ಸಿಗ್ನಲ್ಲಿನಲ್ಲಿ ನಿಂತಾಗ, ಇಳಿಜಾರಿನಲ್ಲಿ, ನಿಧಾನಗತಿಯ ಟ್ರಾಫಿಕ್ಕಿನಲ್ಲಿ ಎಂಜಿನ್ ಸುಮ್ಮನಿದ್ದು ಮೋಟರ್ ಗಾಡಿಯನ್ನು ಎಳೆಯುತ್ತದೆ. ಆದರೆ ಎಂಜಿನ್ ತಣ್ಣಗಿರುವಾಗ ಬ್ಯಾಟರಿ ತುಂಬಿದ್ದರೂ ಕಂಪ್ಯೂಟರ್ ಅದನ್ನು ಬಂದ್ ಮಾಡಲು ಬಿಡುವುದಿಲ್ಲ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸಕ್ಕೆ ಇಳಿಯಲು ಸುಮಾರು 250ರಿಂದ 300 ಡಿಗ್ರಿ ಶಾಖ ಬೇಕು. ಎಂಜಿನ್ನಿನೊಳಗೆ ಹರಿಯುವ ದ್ರವ, ಅಂದರೆ ಕೂಲಂಟ್ ಕೂಡ ಒಂದು ಮಟ್ಟಕ್ಕೆ ಕಾಯಬೇಕು. ಅಲ್ಲಿಯವರೆಗೆ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತ, ಮಂದವಾದ ಆಯಿಲ್‌ನೊಂದಿಗೆ ಹೆಣಗುತ್ತ ಓಡುತ್ತಲೇ ಇರುತ್ತದೆ. ಅಮೆರಿಕದ ಇಂಧನ ಇಲಾಖೆ ಕೊಡುವ ಅಂಕಿಯಂತೆ, 25 ಡಿಗ್ರಿಗೆ ಹೋಲಿಸಿದರೆ ಮೈನಸ್ 7 ಡಿಗ್ರಿಯಲ್ಲಿ ಸಾಮಾನ್ಯ ಪೆಟ್ರೋಲ್ ಕಾರಿನ ನಗರದ ಮೈಲೇಜ್ ಸುಮಾರು ಶೇ 15ರಷ್ಟು ಇಳಿದರೆ, ಹೈಬ್ರಿಡ್ ಕಾರಿನದು ಶೇ 30ರಿಂದ 34ರಷ್ಟು ಇಳಿಯುತ್ತದೆ. ನಮ್ಮ ಥಂಡಿಗೆ ಅಷ್ಟು ಹೊಡೆತ ಬೀಳದಿದ್ದರೂ ಕಾರಣ ಮಾತ್ರ ಅದೇ.

ಕೆನಡಾ, ಫಿನ್ಲೆಂಡ್‌ಗಳಂಥ ಕಡೆ ಇದಕ್ಕೆ ಎಂಜಿನ್ನನ್ನು ಕರೆಂಟಿನಿಂದ ಮೊದಲೇ ಕಾಯಿಸಿಡುವ ಬ್ಲಾಕ್ ಹೀಟರ್ ಬಳಸುತ್ತಾರೆ. ಟೊಯೊಟಾ ಪ್ರಿಯಸ್‌ಗೆ ಸಿಗುವ ಹೀಟರ್ ಸುಮಾರು 400 ವ್ಯಾಟ್‌ನದು. ಎಂಜಿನ್ ಬ್ಲಾಕಿನಲ್ಲಿರುವ ಒಂದು ಒಣ ಕುಳಿಯೊಳಗೆ ಶಾಖ ದಾಟಿಸುವ ಗ್ರೀಸ್ ಹಚ್ಚಿ ಅದನ್ನು ಕೂಡಿಸುತ್ತಾರೆ. ಹೊರಡುವುದಕ್ಕೆ ಎರಡು-ಮೂರು ತಾಸು ಮೊದಲು ಟೈಮರ್ ಮೂಲಕ ಕರೆಂಟ್ ಕೊಡುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಒಳಗೆ ಬಂದಷ್ಟೇ ಶಾಖ ಹೊರಗೆ ಸೋರಿ ಹೋಗುತ್ತದೆ. ಇದನ್ನು ಓದಿದ ಕೂಡಲೇ ನಮ್ಮಲ್ಲಿಯೂ ಒಂದನ್ನು ತರಿಸಿ ಹಾಕಿಸುವ ಆಸೆ ಹುಟ್ಟುವುದು ಸಹಜ, ಆದ್ದರಿಂದ ಲೆಕ್ಕ ನೋಡೋಣ. 400 ವ್ಯಾಟ್‌ನ ಹೀಟರ್ ಎರಡು ತಾಸಿಗೆ 0.8 ಯೂನಿಟ್ ವಿದ್ಯುತ್ ತಿನ್ನುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಾಖ ಇದೆ. ಅಂದರೆ ಹೀಟರ್ ಕೊಡುವ ಶಾಖ ಹೆಚ್ಚೆಂದರೆ 90 ಮಿಲಿ ಪೆಟ್ರೋಲಿಗೆ, ಒಂಬತ್ತು-ಹತ್ತು ರೂಪಾಯಿಗೆ, ಸಮ. ಅದರಲ್ಲೂ ಒಂದು ಪಾಲು ಗಾಳಿಗೆ ಹೋಗುತ್ತದೆ. ಹೆಸ್ಕಾಂ ಬಿಲ್ಲು ಬೇರೆ. ಹತ್ತಾರು ಕಿಲೋಮೀಟರ್ ಓಡಿಸುವವರಿಗಂತೂ ಎಂಜಿನ್ ಹೇಗೂ ದಾರಿಯಲ್ಲಿ ಕಾಯುತ್ತದೆ. ಹೀಟರ್ ಮತ್ತು ಕೂಲಿಯ ಖರ್ಚು ನಮ್ಮ ಎರಡು ತಿಂಗಳ ಚಳಿಯಲ್ಲಿ ಹುಟ್ಟುವುದಿಲ್ಲ ಎಂಬುದೇ ನನ್ನ ಅಭಿಪ್ರಾಯ.

ಅಷ್ಟಾದರೂ ಹಾಕಿಸಿಯೇ ತೀರುತ್ತೇನೆ ಎನ್ನುವವರು, ಅಥವಾ ಮಗನ ನೌಕರಿ ಶಿಮ್ಲಾದ ಕಡೆ ಇದೆ ಎಂಬಂಥ ಕಾರಣ ಇರುವವರು, ಮೊದಲು ವೋಲ್ಟೇಜ್ ನೋಡಬೇಕು. ಉತ್ತರ ಅಮೆರಿಕದ ಹೀಟರುಗಳು 120 ವೋಲ್ಟ್‌ನವು. 400 ವ್ಯಾಟ್‌ನ ಅಂಥ ಹೀಟರನ್ನು ನಮ್ಮ 230 ವೋಲ್ಟ್‌ಗೆ ಚುಚ್ಚಿದರೆ ಅದು ಸುಮಾರು 1,470 ವ್ಯಾಟ್ ಎಳೆದು ಸುಟ್ಟುಹೋಗುತ್ತದೆ, ಪಕ್ಕದ ವೈರಿಂಗ್ ಅನ್ನೂ ಸುಡಬಹುದು. 230 ವೋಲ್ಟ್‌ನದನ್ನೇ ತಂದು, ಅರ್ಥಿಂಗ್ ಸರಿಯಾಗಿರುವ ಸಾಕೆಟ್ಟಿಗೆ, ಸೋರುವ ಕರೆಂಟನ್ನು ಕಡಿಯುವ ಬ್ರೇಕರ್ ಇರುವ ಲೈನಿನಲ್ಲಿ ಜೋಡಿಸಬೇಕು. ಬಾನೆಟ್ಟಿನೊಳಗಿನ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಪ್ರಾಣಾಪಾಯದ ವೋಲ್ಟೇಜ್ ಹರಿಯುವುದರಿಂದ ಈ ಕೆಲಸವನ್ನು ಹೈಬ್ರಿಡ್ ತರಬೇತಿ ಪಡೆದ ಮೆಕ್ಯಾನಿಕ್ಕಿಗೆ ಮಾತ್ರ ಕೊಡಬೇಕು. ವಾರಂಟಿಗೆ ಧಕ್ಕೆ ಬರುತ್ತದೆಯೇ ಎಂಬುದನ್ನು ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು.

ಉಳಿದವರಿಗೆ ಪುಕ್ಕಟೆ ಉಪಾಯಗಳಿವೆ, ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಓಡಾಟದ ಕ್ರಮ. ಬೆಳಿಗ್ಗೆ ಹಾಲಿಗೆ ಒಮ್ಮೆ, ಶಾಲೆಗೆ ಒಮ್ಮೆ, ಹತ್ತು ಗಂಟೆಗೆ ಬ್ಯಾಂಕಿಗೆ ಒಮ್ಮೆ ಎಂದು ತುಂಡು ತುಂಡಾಗಿ ಹೊರಟರೆ ಎಂಜಿನ್ ಪ್ರತಿ ಸಲವೂ ತಣ್ಣಗಾಗಿ ಮತ್ತೆ ಕಾಯಬೇಕಾಗುತ್ತದೆ. ಎಲ್ಲ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಹಾಕಿಕೊಂಡು, ಅದರಲ್ಲಿಯೂ ಎಲ್ಲಕ್ಕಿಂತ ದೂರದ ಕೆಲಸವನ್ನು ಮೊದಲು ಮುಗಿಸಬೇಕು. ಉದಾಹರಣೆಗೆ ಹುಬ್ಬಳ್ಳಿಯ ಕೇಶ್ವಾಪುರದವರಿಗೆ ನವನಗರದಲ್ಲೂ ದುರ್ಗದಬೈಲಿನಲ್ಲೂ ಕೆಲಸವಿದ್ದರೆ ಮೊದಲು ನವನಗರಕ್ಕೆ ಹೋಗುವುದು ಲೇಸು. ಆ ದೂರಕ್ಕೆ ಎಂಜಿನ್ ಪೂರ್ತಿ ಕಾದಿರುತ್ತದೆ, ಮರಳಿ ಬಂದು ದುರ್ಗದಬೈಲಿನ ಗದ್ದಲದಲ್ಲಿ ಹೊರಳಾಡುವಾಗ ಗಾಡಿ ಬಹುತೇಕ ಮೋಟರಿನ ಮೇಲೆಯೇ ಸಾಗುತ್ತದೆ. ಇದೇ ಕೆಲಸಗಳನ್ನು ತಿರುಗಾಮುರುಗಾ ಮಾಡಿದರೆ, ಎಂಜಿನ್ ಬಂದ್ ಆಗಿ ಪೆಟ್ರೋಲ್ ಉಳಿಸಬೇಕಾದ ಗದ್ದಲದಲ್ಲಿಯೇ ಅದು ಬಿಸಿಯಾಗಲೆಂದು ಓಡುತ್ತಿರುತ್ತದೆ.

ಎರಡನೆಯದು ಕ್ಯಾಬಿನ್ ಹೀಟರ್. ಆಟೋ ಎಸಿಯನ್ನು 25 ಡಿಗ್ರಿಗೆ ಇಟ್ಟು ಮರೆತಿರುವವರು ಬಹಳ. ಹೊರಗೆ 14 ಡಿಗ್ರಿ ಇದ್ದಾಗ ಅದು ಬಿಸಿ ಗಾಳಿ ಕೇಳುತ್ತದೆ, ಬಿಸಿ ಗಾಳಿ ಬರುವುದು ಕೂಲಂಟಿನ ಶಾಖದಿಂದ. ಹೀಗಾಗಿ ಎಂಜಿನ್ ಇನ್ನಷ್ಟು ನಿಧಾನವಾಗಿ ಕಾಯುತ್ತದೆ, ಸಿಗ್ನಲ್ಲಿನಲ್ಲಿಯೂ ಬಂದ್ ಆಗುವುದಿಲ್ಲ. ಹೊರಟ ಮೊದಲ ಐದಾರು ನಿಮಿಷ ಅದನ್ನು ಆಫ್ ಮಾಡಿ ಸ್ವೆಟರ್ ಹಾಕಿಕೊಂಡಿರುವುದೇ ಸುಲಭ. ಕೆಲಗೇರಿ ಕೆರೆಯ ಬದಿಯಲ್ಲಿ ಮಂಜು ಕವಿದು ಮುಂದಿನ ಗಾಜು ಮಸುಕಾದರೆ ಮಾತ್ರ ಯಾವ ಉಳಿತಾಯವನ್ನೂ ಲೆಕ್ಕಿಸದೆ ಡಿಫಾಗರ್ ಒತ್ತಬೇಕು.

"ಗಾಡಿ ಸ್ವಲ್ಪ ಗರಂ ಆಗ್ಲಿ ತಡೀರಿ" ಎನ್ನುವುದು ಹಳೆಯ ಡೀಸೆಲ್ ಗಾಡಿಗಳ ಕಾಲದ ರೂಢಿ. ಹೈಬ್ರಿಡ್‌ನಲ್ಲಿ ನಿಂತಲ್ಲೇ ಕಾಯಿಸುವುದರಿಂದ ಪೆಟ್ರೋಲ್ ಸುಡುತ್ತದೆಯೇ ಹೊರತು ಒಂದು ಗಜವೂ ಮುಂದೆ ಹೋದಂತಾಗುವುದಿಲ್ಲ. ಗಾಡಿ ಹೊರಡಲು ಸಿದ್ಧ ಎಂದು ತೋರಿಸುವ ರೆಡಿ ದೀಪ ಹತ್ತಿದ ಮೇಲೆ ಮೆಲ್ಲಗೆ ಹೊರಡಬೇಕು. ಟೊಯೊಟಾ ಪದ್ಧತಿಯ ಹೈಬ್ರಿಡ್‌ಗಳಲ್ಲಿ ಮೊದಲ ಒಂದು ನಿಮಿಷದ ಸುಮಾರಿಗೆ ಎಂಜಿನ್ ಕನ್ವರ್ಟರನ್ನು ಕಾಯಿಸುವುದರಲ್ಲಿ ತೊಡಗಿದ್ದು ಎಳೆಯುವ ಕೆಲಸವನ್ನು ಹೆಚ್ಚಾಗಿ ಬ್ಯಾಟರಿಯೇ ಮಾಡುವುದರಿಂದ, ಆಗ ಪೆಡಲ್ ಜೋರಾಗಿ ತುಳಿದರೆ ತಣ್ಣಗಿನ ಎಂಜಿನ್ನಿನ ಮೇಲೆ ವೃಥಾ ಭಾರ ಬೀಳುತ್ತದೆ. ತೊಳೆಯುವುದಕ್ಕೆಂದು ಪೋರ್ಚಿನಿಂದ ಅಂಗಳಕ್ಕೆ ತರುವಷ್ಟೇ ಕೆಲಸವಿದ್ದರೆ, ಬ್ಯಾಟರಿ ಸಾಕಷ್ಟಿದ್ದು ಗಾಡಿ ಒಪ್ಪಿದರೆ, ಇವಿ ಬಟನ್ ಒತ್ತಿ ಎಂಜಿನ್ ಶುರುವಾಗದಂತೆಯೇ ತರಬಹುದು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ರೆಡಿ ಮಾಡಿ ಬಿಡಬೇಡಿ. ಈಗ ಸದ್ದಿಲ್ಲದ ಗಾಡಿ ಎರಡು ನಿಮಿಷದಲ್ಲಿ ತಾನಾಗಿ ಎಂಜಿನ್ ಹಚ್ಚಿಕೊಂಡು ಕಾರ್ಬನ್ ಮಾನಾಕ್ಸೈಡ್ ತುಂಬಿಸಬಲ್ಲದು.

ರೇಡಿಯೇಟರ್ ಮುಂದಿನ ಜಾಲರಿಗೆ ಫೋಮ್ ತುರುಕಿ ಶಾಖ ಹಿಡಿದಿಡುವ ಪದ್ಧತಿ ಶೀತದೇಶಗಳಲ್ಲಿದೆ, ನಮ್ಮಲ್ಲಿ ಬೇಡ. ಜನವರಿಯಲ್ಲಿಯೂ ಹುಬ್ಬಳ್ಳಿಯ ಮಧ್ಯಾಹ್ನ 30 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸಿ ಕೊಡುವ ಇನ್ವರ್ಟರ್ ತಣ್ಣಗಾಗುವುದೂ ಮುಂಭಾಗದ ಗಾಳಿಯಿಂದಲೇ. ಅದರ ಬದಲು ಗಾಡಿಯನ್ನು ಮುಂಜಾನೆಯ ಎಳೆಬಿಸಿಲು ಬಾನೆಟ್ಟಿಗೆ ಬೀಳುವಂತೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿದರೆ ತಡವಾಗಿ ಹೊರಡುವವರಿಗೆ ಅಷ್ಟಿಷ್ಟು ಲಾಭವಿದೆ. ಆಯಿಲ್ ಕೈಪಿಡಿಯಲ್ಲಿ ಹೇಳಿದ ತೆಳು ದರ್ಜೆಯದೇ ಇರಲಿ, ಗಟ್ಟಿಯಾದದ್ದು ಎಂಜಿನ್ನಿಗೆ ಒಳ್ಳೆಯದೆಂದು ಯಾರು ಹೇಳಿದರೂ ಕೇಳಬಾರದು. ತಾಪಮಾನ ಐದಾರು ಡಿಗ್ರಿ ಇಳಿದಂತೆಲ್ಲ ಟೈರಿನ ಒತ್ತಡ ಸುಮಾರು ಒಂದು ಪಿಎಸ್‌ಐ ಕುಗ್ಗುವುದರಿಂದ, ಡಿಸೆಂಬರ್ ಶುರುವಿನಲ್ಲಿ ಗಾಳಿ ನೋಡಿಸಬೇಕು.

ಇವೆಲ್ಲ ಫಲ ಕೊಡುತ್ತಿವೆಯೇ ಎಂದು ಕಣ್ಣಾರೆ ನೋಡಬಯಸುವವರು ಗಾಡಿಯ ಕಂಪ್ಯೂಟರಿನ ಮಾಹಿತಿ ಸಿಗುವ ಒಬಿಡಿ ಪೋರ್ಟಿಗೆ ಚುಚ್ಚುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಕೊಂಡು ಫೋನಿನಲ್ಲಿ ಕೂಲಂಟಿನ ತಾಪಮಾನವನ್ನು ಹಚ್ಚಿಟ್ಟುಕೊಳ್ಳಬಹುದು. ಕ್ಯಾಬಿನ್ ಹೀಟರ್ ಹಚ್ಚಿ ಒಂದು ದಿನ, ಆಫ್ ಮಾಡಿ ಮರುದಿನ, ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಹೊರಟು, ಎಂಜಿನ್ ಮೊದಲ ಸಲ ತಾನಾಗಿ ಬಂದ್ ಆಗುವುದು ಯಾವ ಸಿಗ್ನಲ್ಲಿನಲ್ಲಿ ಎಂದು ಗುರುತು ಹಾಕಿಕೊಂಡರೆ ವ್ಯತ್ಯಾಸ ತಿಳಿಯುತ್ತದೆ.