ಮಂಗಳೂರಿನಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು? ಲೆಕ್ಕ ಹಾಕುವ ಬಗೆ

ಬೆಳಿಗ್ಗೆ 8 ಗಂಟೆಗೆ ಮಂಗಳೂರು ಬಿಡುವ ವಿಮಾನ 10 ಗಂಟೆಗೆ ದುಬೈ ತಲುಪುತ್ತದೆ ಎಂದು ಟಿಕೆಟ್‌ನಲ್ಲಿ ನಮೂದಾಗಿದ್ದರೆ, ಪ್ರಯಾಣ ಎರಡೇ ಗಂಟೆಯದು ಎಂದು ಭಾವಿಸುವುದು ಸಹಜ. ಮಕ್ಕಳನ್ನು ನೋಡಲು ಮೊದಲ ಬಾರಿ ಹೊರಡುವ ಹಿರಿಯರು ಊಟ, ಮಾತ್ರೆಗಳ ಹೊತ್ತನ್ನೂ ಅದರಂತೆಯೇ ಹೊಂದಿಸಿಕೊಳ್ಳುವುದರಿಂದ ಈ ಲೆಕ್ಕ ತಪ್ಪಬಾರದು.

ದೂರವನ್ನು ಊರಿನಿಂದ ಊರಿಗಲ್ಲ, ನಿಲ್ದಾಣದಿಂದ ನಿಲ್ದಾಣಕ್ಕೆ ಅಳೆಯಬೇಕು. ದುಬೈಯಲ್ಲಿ ಎರಡು ವಿಮಾನ ನಿಲ್ದಾಣಗಳಿವೆ. ಟಿಕೆಟ್‌ನಲ್ಲಿ ಡಿಎಕ್ಸ್‌ಬಿ ಎಂದಿದ್ದರೆ ನಗರದೊಳಗಿನ ಹಳೆಯದು, ಡಿಡಬ್ಲ್ಯುಸಿ ಎಂದಿದ್ದರೆ ದೂರದ ಅಲ್ ಮಕ್ತೂಮ್. ನಮ್ಮ ಬಜ್ಪೆಯ ನಿಲ್ದಾಣ 12.96 ಡಿಗ್ರಿ ಉತ್ತರ ಅಕ್ಷಾಂಶ, 74.89 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ಡಿಎಕ್ಸ್‌ಬಿ 25.25 ಉತ್ತರ, 55.36 ಪೂರ್ವದಲ್ಲಿದೆ.

ಈಗ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಒಂದೆಡೆ ಬರೆದಿಡಿ. ಅವೇ ಅಕ್ಷಾಂಶಗಳ ಕೊಸೈನ್‌ಗಳನ್ನೂ ರೇಖಾಂಶಗಳ ವ್ಯತ್ಯಾಸದ ಕೊಸೈನನ್ನೂ ಒಟ್ಟಿಗೆ ಗುಣಿಸಿ ಅದಕ್ಕೆ ಕೂಡಿಸಿ. ಹೀಗೆ ಬರುವ 0.9264ರ ವಿಲೋಮ ಕೊಸೈನ್ 22.12 ಡಿಗ್ರಿ. ಡಿಗ್ರಿಗೆ 60 ನಾಟಿಕಲ್ ಮೈಲಿಯಂತೆ 1,327 ನಾಟಿಕಲ್ ಮೈಲಿ, ಅಂದರೆ ಸುಮಾರು 2,460 ಕಿಲೋಮೀಟರ್. ಗೋಲದ ಮೇಲೆ ದಾರವನ್ನು ಬಿಗಿಯಾಗಿ ಎಳೆದರೆ ಸಿಗುವ ಅತಿ ಹತ್ತಿರದ ದಾರಿ ಇದೇ. ವಿಮಾನ ನಿಗದಿತ ವಾಯುಮಾರ್ಗಗಳಲ್ಲಿ ಸಾಗಬೇಕಾದುದರಿಂದ ನಿಜವಾಗಿ ಕ್ರಮಿಸುವ ದೂರ ತುಸು ಹೆಚ್ಚು.

ಸಮಯದ ಲೆಕ್ಕದಲ್ಲಿ ಗಾಳಿಯನ್ನು ಮರೆಯುವಂತಿಲ್ಲ. ಬೋಯಿಂಗ್ 737ರಂಥ ವಿಮಾನ ಎತ್ತರದಲ್ಲಿ ಗಂಟೆಗೆ ಸುಮಾರು 830 ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ; ಗಾಳಿಯೇ ಇಲ್ಲದಿದ್ದರೆ ಈ ದೂರಕ್ಕೆ ಮೂರು ಗಂಟೆ ಸಾಕು. ಆದರೆ ಎದುರಿನಿಂದ ಗಂಟೆಗೆ 80 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ 3 ಗಂಟೆ 17 ನಿಮಿಷ, ಅದೇ ಗಾಳಿ ಬೆನ್ನಿಗಿದ್ದರೆ 2 ಗಂಟೆ 42 ನಿಮಿಷ. ಚಳಿಗಾಲದಲ್ಲಿ ಆ ಎತ್ತರದ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಹೋಗುವಾಗ ತಡ, ಬರುವಾಗ ಬೇಗ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ, ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ವಿವರಿಸಿದ ಪೂರ್ವದ ಜೆಟ್ ಮಾರುತ ಬಲವಾಗಿರುವುದರಿಂದ ಈ ವ್ಯತ್ಯಾಸ ಕುಗ್ಗುತ್ತದೆ. ಹೀಗೆ ಬಂದ ಸಮಯಕ್ಕೆ ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಇವಕ್ಕಾಗಿ ಅರ್ಧ ಗಂಟೆ ಸೇರಿಸಿ. ಟಿಕೆಟ್‌ನಲ್ಲಿರುವುದು ನಿಲುಗಡೆ ಬಿಟ್ಟಲ್ಲಿಂದ ಮತ್ತೆ ನಿಲ್ಲುವವರೆಗಿನ ಸಮಯವೇ ಹೊರತು ಹಾರಾಟದ ಸಮಯ ಮಾತ್ರವಲ್ಲ.

ಕೊನೆಯದು ಗಡಿಯಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಹಾಗಾಗಿ ಹೋಗುವಾಗ ಟಿಕೆಟ್‌ನ ವ್ಯತ್ಯಾಸಕ್ಕೆ ಒಂದೂವರೆ ಗಂಟೆ ಕೂಡಿಸಿ: 8ರಿಂದ 10 ಎಂದರೆ ನಿಜಕ್ಕೂ ಮೂರೂವರೆ ಗಂಟೆ. ಬರುವಾಗ ಕಳೆಯಿರಿ: ದುಬೈಯಲ್ಲಿ 11ಕ್ಕೆ ಹೊರಟು ಮಂಗಳೂರಿಗೆ ಮಧ್ಯಾಹ್ನ 3.45ಕ್ಕೆ ಬಂದರೆ ಪ್ರಯಾಣ 3 ಗಂಟೆ 15 ನಿಮಿಷ. ದುಬೈಯ ಗಡಿಯಾರ ವರ್ಷವಿಡೀ ಬದಲಾಗದು. ಆದರೆ ಬೆಂಗಳೂರಿನಿಂದ ಲಂಡನ್ನಿಗೆ ಹೋಗುವವರು ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆಯನ್ನೂ ಉಳಿದ ತಿಂಗಳುಗಳಲ್ಲಿ ಐದೂವರೆ ಗಂಟೆಯನ್ನೂ ಕೂಡಿಸಬೇಕು.