ರಸಾಯನ ವಿಜ್ಞಾನ ರಿವಿಷನ್: ಪುಸ್ತಕ ಮುಚ್ಚಿಟ್ಟು ಶುರು ಮಾಡಿ

ದ್ವಿತೀಯ ಪಿಯು ರಸಾಯನ ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 70 ಅಂಕ, ಪ್ರಾಯೋಗಿಕಕ್ಕೆ 30. ಅದು ಮುಗಿದ ಮೇಲೆ ಸಿಇಟಿಯಲ್ಲಿ ಇದೇ ವಿಷಯದ 60 ಪ್ರಶ್ನೆಗಳು, 80 ನಿಮಿಷ. ಸಿಇಟಿಗೆ ಪ್ರಥಮ ಪಿಯು ಪಾಠಗಳೂ ಸೇರುತ್ತವೆ. ಇಷ್ಟನ್ನು ಕೊನೆಯ ಮೂರು ವಾರದಲ್ಲಿ ತಿರುವಿ ಹಾಕಬೇಕಾದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಹಳೇ ನೋಟ್ಸ್ ತೆಗೆದು ಮೊದಲ ಪುಟದಿಂದ ಓದುವುದು. ಓದುತ್ತಾ ಹೋದರೆ ಎಲ್ಲವೂ ಗೊತ್ತಿರುವಂತೆಯೇ ಕಾಣುತ್ತದೆ. ಗೊತ್ತಿಲ್ಲದ್ದು ಯಾವುದೆಂದು ತಿಳಿಯುವುದು ಬರೆಯಲು ಕೂತಾಗ ಮಾತ್ರ.

ಪಾಠಕ್ಕೊಂದು ಖಾಲಿ ಹಾಳೆ

ದ್ವಿತೀಯ ಪಿಯುವಿನಲ್ಲಿ ಈಗ ಹತ್ತು ಪಾಠಗಳಿವೆ. ಪ್ರತಿ ಪಾಠಕ್ಕೆ ಒಂದು ಎ4 ಹಾಳೆ, ಹದಿನೈದು ನಿಮಿಷ. ಪುಸ್ತಕ ಮುಚ್ಚಿಟ್ಟು, ಆ ಪಾಠದ ಸೂತ್ರಗಳು, ಅವುಗಳ ಏಕಮಾನ, ಹೆಸರಿರುವ ಕ್ರಿಯೆಗಳು, ನೆನಪಿರುವ ಅಪವಾದಗಳನ್ನೆಲ್ಲ ನೀಲಿ ಪೆನ್ನಿನಲ್ಲಿ ಬರೆಯಿರಿ. ಸಮಯ ಮುಗಿದ ಮೇಲೆ ಪಠ್ಯಪುಸ್ತಕ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಕೆಂಪು ಪೆನ್ನಿನಲ್ಲಿ ತುಂಬಿ. ಮುಂದಿನ ವಾರಗಳಲ್ಲಿ ಓದಬೇಕಾದದ್ದು ಆ ಕೆಂಪು ಭಾಗವನ್ನಷ್ಟೇ. ನೀಲಿಯಲ್ಲಿ ಸರಿಯಾಗಿ ಬಂದದ್ದನ್ನು ಮತ್ತೆ ಮತ್ತೆ ಓದುವುದು ಮನಸ್ಸಿಗೆ ಹಿತ, ಅಂಕಕ್ಕೆ ದಂಡ.

ದಿನಕ್ಕೆ ಮೂರ್ನಾಲ್ಕು ಪಾಠದಂತೆ ಮೂರು ದಿನದಲ್ಲಿ ಹತ್ತೂ ಹಾಳೆ ಸಿದ್ಧವಾಗುತ್ತವೆ. ನಾಲ್ಕನೇ ದಿನ ಅವನ್ನು ಹರಡಿಟ್ಟು ನೋಡಿದರೆ ಯಾವುದರಲ್ಲಿ ಕೆಂಪು ಹೆಚ್ಚಿದೆ ಎಂಬುದು ಕಣ್ಣಿಗೆ ರಾಚುತ್ತದೆ. ವೇಳಾಪಟ್ಟಿ ಹಾಕಬೇಕಾದದ್ದು ಆಮೇಲೆ.

ಫಿಸಿಕಲ್: ಲೆಕ್ಕಕ್ಕೆ ಮೊದಲು ದಿಕ್ಕು

ಮೋಲ್ ಲೆಕ್ಕ ಗಟ್ಟಿಯಿಲ್ಲದೆ ದ್ರಾವಣಗಳ ಪಾಠಕ್ಕೆ ಕೈ ಹಾಕಬೇಡಿ. ಪರೀಕ್ಷಿಸಿಕೊಳ್ಳಲು ಒಂದೇ ಲೆಕ್ಕ ಸಾಕು: 5.85 ಗ್ರಾಂ ಸೋಡಿಯಂ ಕ್ಲೋರೈಡ್ ಅನ್ನು ನೀರಿನಲ್ಲಿ ಕರಗಿಸಿ 250 ಮಿ.ಲೀ. ದ್ರಾವಣ ಮಾಡಿದರೆ ಮೋಲಾರಿಟಿ ಎಷ್ಟು? ಮೋಲಾರ್ ದ್ರವ್ಯರಾಶಿ 58.5, ಆದ್ದರಿಂದ 0.1 ಮೋಲ್, ಅದನ್ನು 0.25 ಲೀಟರಿನಿಂದ ಭಾಗಿಸಿದರೆ 0.4. ಇದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ, ಅಥವಾ 250ರಿಂದಲೇ ಭಾಗಿಸಿಬಿಟ್ಟಿದ್ದರೆ, ಎರಡು ದಿನ ಪ್ರಥಮ ಪಿಯು ಮೋಲ್ ಪಾಠಕ್ಕೇ ಕೊಡಿ. ಆ ಎರಡು ದಿನ ಮುಂದೆ ಮೂರು ಪಾಠಗಳಲ್ಲಿ ವಾಪಸು ಬರುತ್ತದೆ.

ದ್ರಾವಣದ ಲೆಕ್ಕಗಳಲ್ಲಿ ಅಂಕ ಹೋಗುವ ಜಾಗ ಗೊತ್ತಿರುವಂಥದ್ದೇ. 18 ಗ್ರಾಂ ಗ್ಲೂಕೋಸ್, 500 ಗ್ರಾಂ ನೀರು. ನೀರಿನ ಘನೀಕರಣ ಬಿಂದು ಇಳಿಕೆಯ ಸ್ಥಿರಾಂಕ 1.86. ಗ್ಲೂಕೋಸ್ 0.1 ಮೋಲ್, ಮೋಲಾಲಿಟಿ 0.2, ಘನೀಕರಣ ಬಿಂದುವಿನ ಇಳಿಕೆ 0.372 ಕೆಲ್ವಿನ್. ಬಹಳಷ್ಟು ಉತ್ತರಗಳು ಇಲ್ಲಿಗೇ ನಿಲ್ಲುತ್ತವೆ. ಪ್ರಶ್ನೆ ಕೇಳಿದ್ದು ಘನೀಕರಣ ಬಿಂದುವನ್ನಾದರೆ ಉತ್ತರ ಮೈನಸ್ 0.372 ಡಿಗ್ರಿ ಸೆಲ್ಸಿಯಸ್. ಇನ್ನು ಗ್ಲೂಕೋಸ್ ಬದಲು ಸೋಡಿಯಂ ಕ್ಲೋರೈಡ್ ಇದ್ದರೆ ವಾಂಟ್ ಹಾಫ್ ಅಂಶ (ಕರಗಿದ ಒಂದು ಕಣ ದ್ರಾವಣದಲ್ಲಿ ಎಷ್ಟು ಕಣವಾಗುತ್ತದೆ ಎಂಬ ಲೆಕ್ಕ) ಸುಮಾರು 2, ಬೆಂಜೀನಿನಲ್ಲಿ ಕರಗಿದ ಬೆಂಜೋಯಿಕ್ ಆಮ್ಲ ಜೋಡಿ ಕಟ್ಟಿಕೊಳ್ಳುವುದರಿಂದ ಸುಮಾರು ಅರ್ಧ. ದ್ರಾವ್ಯದ ಹೆಸರು ಕಂಡ ಕೂಡಲೇ ಅದು ಒಡೆಯುತ್ತದೆಯೋ, ಜೋಡಿಯಾಗುತ್ತದೆಯೋ, ಹಾಗೇ ಉಳಿಯುತ್ತದೆಯೋ ಎಂದು ಅಂಚಿನಲ್ಲಿ ಬರೆದುಕೊಳ್ಳುವ ಅಭ್ಯಾಸ ಮಾಡಿ.

ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ನರ್ನ್‌ಸ್ಟ್ ಸಮೀಕರಣದ (ಸಾಂದ್ರತೆ ಬದಲಾದಾಗ ಸೆಲ್ ವೋಲ್ಟೇಜ್ ಎಷ್ಟೆಂದು ಹೇಳುವ ಸೂತ್ರ) ಭಿನ್ನರಾಶಿ ತಲೆಕೆಳಗಾಗುವುದು ಹಳೇ ರೋಗ. ಸತು ಮತ್ತು ತಾಮ್ರದ ಡೇನಿಯಲ್ ಸೆಲ್ ತೆಗೆದುಕೊಳ್ಳಿ. ಪ್ರಮಾಣಿತ ವಿಭವ 1.10 ವೋಲ್ಟ್, ಸತುವಿನ ಅಯಾನು 1 ಮೋಲಾರ್, ತಾಮ್ರದ ಅಯಾನು 0.01 ಮೋಲಾರ್. ಲೆಕ್ಕ ಶುರು ಮಾಡುವ ಮೊದಲು ಯೋಚಿಸಿ: ಕ್ರಿಯೆಯಲ್ಲಿ ಖರ್ಚಾಗುವುದು ತಾಮ್ರದ ಅಯಾನು, ಅದೇ ಕಡಿಮೆಯಿದೆ. ಅಂದಮೇಲೆ ವೋಲ್ಟೇಜ್ 1.10ಕ್ಕಿಂತ ಕೆಳಗಿಳಿಯಲೇಬೇಕು. ಈಗ ಲೆಕ್ಕ ಮಾಡಿ: 0.0591 ಅನ್ನು 2ರಿಂದ ಭಾಗಿಸಿ, 100ರ ಲಾಗ್ ಆದ 2ರಿಂದ ಗುಣಿಸಿದರೆ 0.0591; ಉತ್ತರ 1.041 ವೋಲ್ಟ್. ನಿಮಗೆ 1.159 ಬಂದಿದ್ದರೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಹೋಗಿದೆ ಎಂದರ್ಥ. ಸಿಇಟಿಯ ನಾಲ್ಕು ಆಯ್ಕೆಗಳಲ್ಲಿ ಆ ತಪ್ಪು ಉತ್ತರವೂ ಸಾಲಾಗಿ ಕೂತಿರುವ ಸಾಧ್ಯತೆ ಹೆಚ್ಚು, ಅದಕ್ಕೇ ಈ ಹತ್ತು ಸೆಕೆಂಡಿನ ತಪಾಸಣೆ.

ಕೈನೆಟಿಕ್ಸ್‌ನಲ್ಲಿ ದರ ಸ್ಥಿರಾಂಕದ ಏಕಮಾನವನ್ನು ಉರು ಹೊಡೆಯುವ ಅಗತ್ಯವಿಲ್ಲ. ದರದ ಏಕಮಾನ ಯಾವಾಗಲೂ ಲೀಟರಿಗೆ, ಸೆಕೆಂಡಿಗೆ ಇಷ್ಟು ಮೋಲ್; ಅದನ್ನು ಸಾಂದ್ರತೆಯ ಘಾತದಿಂದ ಭಾಗಿಸಿದರೆ ಏಕಮಾನ ತಾನಾಗಿ ಸಿಗುತ್ತದೆ. ಅದೇ ದಾರಿಯಲ್ಲಿ ಹಿಂದಕ್ಕೆ ನಡೆದರೆ ಏಕಮಾನ ನೋಡಿಯೇ ಕ್ರಿಯೆಯ ಆರ್ಡರ್ ಹೇಳಬಹುದು. ಪ್ರಥಮ ಆರ್ಡರ್ ಕ್ರಿಯೆ ಶೇ 75 ಮುಗಿಯಲು ಎರಡು ಅರ್ಧಾಯು, ಶೇ 87.5ಕ್ಕೆ ಮೂರು, ಶೇ 99.9ಕ್ಕೆ ಸುಮಾರು ಹತ್ತು. ಈ ಮೂರು ಗೊತ್ತಿದ್ದರೆ ಲಾಗ್ ಇಲ್ಲದೆಯೇ ಹಲವು ಲೆಕ್ಕಗಳು ಮುಗಿಯುತ್ತವೆ. ಆರೇನಿಯಸ್ ಲೆಕ್ಕದಲ್ಲಿ 8.314 ಬಳಸಿದರೆ ಉತ್ತರ ಜೂಲ್‌ನಲ್ಲಿರುತ್ತದೆ. ತಾಪ 298ರಿಂದ 308 ಕೆಲ್ವಿನ್‌ಗೆ ಏರಿದಾಗ ದರ ಇಮ್ಮಡಿಯಾದರೆ ಸಕ್ರಿಯಣ ಶಕ್ತಿ ಸುಮಾರು 52.9 ಕಿಲೋಜೂಲ್. ಕಿಲೋಜೂಲ್ ಎಂದು ಬರೆದ ನಿಮ್ಮ ಉತ್ತರ ಹತ್ತುಗಳಲ್ಲಿ ಬರದೆ ಸಾವಿರಗಳಲ್ಲಿ ಬಂದರೆ ಏಕಮಾನ ತಪ್ಪಿದೆ.

ಸಿಇಟಿಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. 2, 3, 5, 7ರ ಲಾಗ್ ಬಾಯಿಗೆ ಬರಲಿ: 0.301, 0.477, 0.699, 0.845. ಉಳಿದವನ್ನು ಇವುಗಳಿಂದ ಕಟ್ಟಿಕೊಳ್ಳಬಹುದು.

ಇನಾರ್ಗಾನಿಕ್ ಬೇಗ ಮುಗಿಸಿ

ಇಲ್ಲಿ ನೆನಪಿನ ಪಾಲು ಹೆಚ್ಚು, ವಾದದ ಪಾಲು ಕಡಿಮೆ. ಎರಡು ವಿಷಯ ಮಾತ್ರ ನಿಂತು ನೋಡಿ. ಒಂದು, ಡಿ ಬ್ಲಾಕ್ ಲೋಹ ಅಯಾನಾಗುವಾಗ ಮೊದಲು ಹೊರಡುವುದು 4ಎಸ್ ಎಲೆಕ್ಟ್ರಾನ್. ಇದನ್ನು ಮರೆತರೆ ಕಾಂತೀಯ ಮಹತ್ವದ (ಮ್ಯಾಗ್ನೆಟಿಕ್ ಮೊಮೆಂಟ್) ಲೆಕ್ಕವೆಲ್ಲ ಕೈ ಕೊಡುತ್ತದೆ. ಇನ್ನೊಂದು, ನಿಕೆಲ್‌ನ ಮೂರು ಸಂಕೀರ್ಣಗಳು. ನಾಲ್ಕು ಕ್ಲೋರೈಡ್ ಇರುವುದು ಚತುರ್ಮುಖಿ, ಎರಡು ಒಂಟಿ ಎಲೆಕ್ಟ್ರಾನ್, 2.83 ಬೋರ್ ಮ್ಯಾಗ್ನೆಟಾನ್. ನಾಲ್ಕು ಸಯನೈಡ್ ಇರುವುದು ಸಮತಲ ಚೌಕ, ಒಂಟಿ ಎಲೆಕ್ಟ್ರಾನ್ ಇಲ್ಲ. ನಾಲ್ಕು ಕಾರ್ಬೊನಿಲ್ ಇರುವುದರಲ್ಲೂ ಒಂಟಿ ಎಲೆಕ್ಟ್ರಾನ್ ಇಲ್ಲ, ಆದರೂ ಆಕಾರ ಚತುರ್ಮುಖಿ, ಏಕೆಂದರೆ ಅಲ್ಲಿ ನಿಕೆಲ್‌ನ ಉತ್ಕರ್ಷಣ ಸಂಖ್ಯೆ ಸೊನ್ನೆ. ಹತ್ತೂ ಎಲೆಕ್ಟ್ರಾನ್ 3ಡಿಯಲ್ಲಿ ತುಂಬಿಕೊಂಡಿವೆ. ಈ ಮೂರನ್ನು ಪೆಟ್ಟಿಗೆ ಹಾಕಿ ಬಿಡಿಸಿ ತೋರಿಸಬಲ್ಲವರಿಗೆ ಆ ಪಾಠದ ಅರ್ಧ ಹೊರೆ ಇಳಿದಂತೆ.

ಆರ್ಗಾನಿಕ್: ಮೊದಲು ಕಾರ್ಬನ್ ಎಣಿಸಿ

ಐದು ಪಾಠಗಳು ಇಲ್ಲಿವೆ. ನಾಲ್ಕನ್ನು ಒಟ್ಟಿಗೇ ನೋಡಬೇಕು, ಬಯೋಮಾಲಿಕ್ಯೂಲ್ಸ್ ಅನ್ನು ಬೇರೆಯಾಗಿ ಒಂದು ಸಂಜೆಯಲ್ಲಿ ಮುಗಿಸಬಹುದು. ಹ್ಯಾಲೋಆಲ್ಕೇನ್‌ಗೆ ಒಂದು ಪಟ್ಟಿ, ಆಲ್ಕೋಹಾಲ್‌ಗೆ ಇನ್ನೊಂದು ಎಂದು ಬಿಡಿ ಬಿಡಿಯಾಗಿ ಓದಿದವರಿಗೆ ಕನ್ವರ್ಷನ್ ಪ್ರಶ್ನೆ (ಒಂದು ಸಂಯುಕ್ತದಿಂದ ಇನ್ನೊಂದನ್ನು ತಯಾರಿಸುವುದು) ಬಂದಾಗ ದಾರಿ ತೋಚುವುದಿಲ್ಲ.

ದೊಡ್ಡ ಡ್ರಾಯಿಂಗ್ ಹಾಳೆಯೊಂದನ್ನು ಅಡ್ಡ ಇಟ್ಟು ಬೆಂಜೀನಿನಿಂದ ಶುರು ಮಾಡಿ. ಸಾಂದ್ರ ನೈಟ್ರಿಕ್ ಮತ್ತು ಸಾಂದ್ರ ಸಲ್ಫ್ಯೂರಿಕ್ ಆಮ್ಲದಿಂದ ನೈಟ್ರೋಬೆಂಜೀನ್. ತವರ ಮತ್ತು ಹೈಡ್ರೋಕ್ಲೋರಿಕ್ ಆಮ್ಲದಿಂದ ಅನಿಲೀನ್. ಸೋಡಿಯಂ ನೈಟ್ರೈಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ 273ರಿಂದ 278 ಕೆಲ್ವಿನ್‌ನಲ್ಲಿ ಬೆಂಜೀನ್ ಡಯಜೋನಿಯಂ ಕ್ಲೋರೈಡ್. ಇದು ಅರಸೀಕೆರೆ ಜಂಕ್ಷನ್ ಇದ್ದಂತೆ, ಎಲ್ಲ ಕಡೆಗೂ ಗಾಡಿ ಹೊರಡುವುದು ಇಲ್ಲಿಂದ: ಕ್ಯುಪ್ರಸ್ ಕ್ಲೋರೈಡ್ ಹಾಕಿದರೆ ಕ್ಲೋರೋಬೆಂಜೀನ್, ಪೊಟ್ಯಾಸಿಯಂ ಅಯೋಡೈಡ್‌ಗೆ ಅಯೋಡೋಬೆಂಜೀನ್, ಬಿಸಿನೀರಿಗೆ ಫೀನಾಲ್, ಹೈಪೋಫಾಸ್ಫರಸ್ ಆಮ್ಲಕ್ಕೆ ಮತ್ತೆ ಬೆಂಜೀನ್. ಬಾಣದ ಮೇಲೆ ತಾಪವನ್ನೂ ಬರೆಯಿರಿ. 278 ದಾಟಿದರೆ ಡಯಜೋನಿಯಂ ಲವಣ ನೀರಿನೊಂದಿಗೇ ಫೀನಾಲ್ ಆಗುತ್ತಾ ಹೋಗುತ್ತದೆ, ಹಾಗಾಗಿ ತಾಪ ಬರೆಯದ ಉತ್ತರಕ್ಕೆ ಪೂರ್ಣ ಅಂಕ ನಿರೀಕ್ಷಿಸಬೇಡಿ.

ಕನ್ವರ್ಷನ್ ಪ್ರಶ್ನೆ ನೋಡಿದ ಕೂಡಲೇ ಕೊಟ್ಟದ್ದರಲ್ಲಿ ಎಷ್ಟು ಕಾರ್ಬನ್, ಕೇಳಿದ್ದರಲ್ಲಿ ಎಷ್ಟು ಎಂದು ಎಣಿಸಿ. ಒಂದು ಹೆಚ್ಚಿದ್ದರೆ ಪೊಟ್ಯಾಸಿಯಂ ಸಯನೈಡ್, ಅಥವಾ ಗ್ರಿಗ್ನಾರ್ಡ್ ಕಾರಕದ ಜೊತೆ ಇಂಗಾಲದ ಡೈಆಕ್ಸೈಡ್ ಇಲ್ಲವೇ ಫಾರ್ಮಾಲ್ಡಿಹೈಡ್. ಒಂದು ಕಡಿಮೆಯಾಗಬೇಕಿದ್ದರೆ ಹಾಫ್‌ಮನ್ ಬ್ರೋಮಮೈಡ್. ಎಥನಾಲ್‌ನಿಂದ ಪ್ರೊಪನೋಯಿಕ್ ಆಮ್ಲ ಬೇಕೇ? ಎರಡು ಮೂರಾಗಬೇಕು: ಥಯೋನಿಲ್ ಕ್ಲೋರೈಡ್‌ನಿಂದ ಕ್ಲೋರೋಈಥೇನ್, ಪೊಟ್ಯಾಸಿಯಂ ಸಯನೈಡ್‌ನಿಂದ ಪ್ರೊಪೇನ್‌ನೈಟ್ರೈಲ್, ಆಮ್ಲ ಹಾಕಿ ಜಲವಿಭಜನೆ. ಎಥನೋಯಿಕ್ ಆಮ್ಲದಿಂದ ಮಿಥೈಲಮೀನ್ ಬೇಕಾದರೆ ಎರಡು ಒಂದಾಗಬೇಕು: ಅಮೋನಿಯಾ ಸೇರಿಸಿ ಕಾಯಿಸಿದರೆ ಅಸಿಟಮೈಡ್, ಆಮೇಲೆ ಬ್ರೋಮಿನ್ ಮತ್ತು ಸೋಡಿಯಂ ಹೈಡ್ರಾಕ್ಸೈಡ್. ಸಿಲ್ವರ್ ಸಯನೈಡ್ ಬರೆದರೆ ಐಸೋಸಯನೈಡ್ ಬರುತ್ತದೆ, ದಾರಿ ಅಲ್ಲಿಗೇ ತಪ್ಪುತ್ತದೆ.

ಕಾರಕ ಒಂದೇ ಆದರೂ ದ್ರಾವಕ ಬದಲಾದರೆ ಉತ್ಪನ್ನ ಬದಲಾಗುವ ಜಾಗಗಳನ್ನು ಕೆಂಪಿನಲ್ಲಿ ಗುರುತು ಹಾಕಿ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ನೀರಿನಲ್ಲಿದ್ದರೆ ಆಲ್ಕೋಹಾಲ್, ಆಲ್ಕೋಹಾಲಿನಲ್ಲಿದ್ದರೆ ಆಲ್ಕೀನ್. 2-ಬ್ರೋಮೋಪೆಂಟೇನ್‌ನಿಂದ ಪೆಂಟ್-2-ಈನ್ ಶೇ 81, ಪೆಂಟ್-1-ಈನ್ ಶೇ 19. ಹೀಗೆ ಹೆಚ್ಚು ಬದಲಿ ಗುಂಪುಗಳಿರುವ ಆಲ್ಕೀನ್ ಮುಂದಾಗುವುದೇ ಸೇಟ್ಜೆಫ್ ನಿಯಮ.

ವಿಲಿಯಮ್ಸನ್ ಈಥರ್ ತಯಾರಿಕೆಯಲ್ಲಿ ಎಡವುವವರು ಬಹಳ. ಟರ್ಷಿಯರಿ ಬ್ಯೂಟೈಲ್ ಮಿಥೈಲ್ ಈಥರ್ ಮಾಡಲು ಟರ್ಷಿಯರಿ ಬ್ಯೂಟೈಲ್ ಬ್ರೋಮೈಡ್‌ಗೆ ಸೋಡಿಯಂ ಮೆಥಾಕ್ಸೈಡ್ ಹಾಕಿದರೆ ಸಿಗುವುದು 2-ಮಿಥೈಲ್‌ಪ್ರೊಪೀನ್. ಇಕ್ಕಟ್ಟಾದ ಕಾರ್ಬನ್ ಬಳಿ ಹೋಗಲಾಗದೆ ಮೆಥಾಕ್ಸೈಡ್ ಹೈಡ್ರೋಜನ್ನನ್ನೇ ಕಿತ್ತುಕೊಳ್ಳುತ್ತದೆ. ಜೋಡಿ ಅದಲು ಬದಲಾಗಬೇಕು: ಮಿಥೈಲ್ ಬ್ರೋಮೈಡ್ ಮತ್ತು ಸೋಡಿಯಂ ಟರ್ಷಿಯರಿ ಬ್ಯೂಟಾಕ್ಸೈಡ್. ಎಸ್‌ಎನ್2 ಕ್ರಿಯೆ ಮಿಥೈಲ್‌ಗೆ ಸುಲಭ, ಟರ್ಷಿಯರಿಗೆ ಕಷ್ಟ ಎಂಬ ಒಂದು ಮಾತು ಅರ್ಥವಾಗಿದ್ದರೆ ಇದನ್ನು ಬೇರೆಯಾಗಿ ನೆನಪಿಡಬೇಕಿಲ್ಲ.

ಅನಿಲೀನ್‌ನ ನೈಟ್ರೇಷನ್ ಕೂಡ ಹೀಗೆಯೇ. ಅಮಿನೋ ಗುಂಪು ಆರ್ಥೋ, ಪ್ಯಾರಾ ಕಡೆಗೆ ಕಳಿಸುತ್ತದೆ ಎಂದು ಓದಿರುತ್ತೀರಿ. ಆದರೆ ನೇರವಾಗಿ ನೈಟ್ರೇಷನ್ ಮಾಡಿದಾಗ ಪ್ಯಾರಾ ಶೇ 51, ಮೆಟಾ ಶೇ 47, ಆರ್ಥೋ ಶೇ 2. ಆಮ್ಲದಲ್ಲಿ ಅನಿಲೀನ್ ಪ್ರೋಟಾನ್ ಪಡೆದು ಅನಿಲೀನಿಯಂ ಅಯಾನಾಗುತ್ತದೆ, ಅದು ಮೆಟಾ ಕಡೆಗೆ ಕಳಿಸುತ್ತದೆ. ಪ್ಯಾರಾ ಮಾತ್ರ ಮುಖ್ಯವಾಗಿ ಬೇಕಿದ್ದರೆ ಮೊದಲು ಅಸಿಟಿಕ್ ಅನ್‌ಹೈಡ್ರೈಡ್‌ನಿಂದ ಅಸಿಟನಿಲೈಡ್ ಮಾಡಿ, ನೈಟ್ರೇಷನ್ ಮುಗಿಸಿ, ಕೊನೆಗೆ ಜಲವಿಭಜನೆ.

ಆಮ್ಲೀಯತೆಯ ಕ್ರಮಕ್ಕೆ ಮೂರು ಅಂಕಿ ಸಾಕು: ಅಸಿಟಿಕ್ ಆಮ್ಲದ ಪಿಕೆಎ (ಕಡಿಮೆಯಾದಷ್ಟೂ ಆಮ್ಲ ಪ್ರಬಲ) 4.76, ಫೀನಾಲ್ 10, ಎಥನಾಲ್ ಸುಮಾರು 16. ಕಾರ್ಬಾಕ್ಸಿಲಿಕ್ ಆಮ್ಲ ಸೋಡಿಯಂ ಬೈಕಾರ್ಬೊನೇಟ್‌ನಲ್ಲಿ ನೊರೆಯುಕ್ಕಿಸುತ್ತದೆ, ಫೀನಾಲ್ ಉಕ್ಕಿಸುವುದಿಲ್ಲ ಎಂಬ ಪ್ರಾಯೋಗಿಕ ಪರೀಕ್ಷೆ ಈ ಅಂಕಿಗಳಿಂದಲೇ ಹೊರಡುತ್ತದೆ. ಅಮೀನ್‌ಗಳಲ್ಲಿ ಮಾತ್ರ ಒಂದು ಕೊಂಕಿದೆ. ನೀರಿನಲ್ಲಿ ಮಿಥೈಲ್ ಅಮೀನ್‌ಗಳ ಪ್ರತ್ಯಾಮ್ಲೀಯತೆ ಸೆಕೆಂಡರಿ, ಪ್ರೈಮರಿ, ಟರ್ಷಿಯರಿ ಎಂದು ಇಳಿಯುತ್ತದೆ. ಈಥೈಲ್‌ನಲ್ಲಿ ಸೆಕೆಂಡರಿ, ಟರ್ಷಿಯರಿ, ಪ್ರೈಮರಿ. ಇಂಡಕ್ಟಿವ್ ಪರಿಣಾಮ, ಜಾಗದ ಇಕ್ಕಟ್ಟು, ನೀರಿನ ಅಣುಗಳ ಆಸರೆ, ಮೂರೂ ಇಲ್ಲಿ ಜಗ್ಗಾಡುತ್ತವೆ. ಇದನ್ನು ಬಾಯಿಪಾಠ ಮಾಡುವುದೇ ಸರಿ.

ಗುರುತಿಸುವ ಪರೀಕ್ಷೆಗಳನ್ನು ಜೋಡಿಯಾಗಿ ಓದಿ. ಬೆಂಜಾಲ್ಡಿಹೈಡ್ ಟಾಲೆನ್ಸ್‌ಗೆ ಬೆಳ್ಳಿ ಕನ್ನಡಿ ಕೊಡುತ್ತದೆ, ಫೆಹ್ಲಿಂಗ್‌ಗೆ ಜಗ್ಗುವುದಿಲ್ಲ. ಪೆಂಟನ್-2-ಓನ್ ಅಯೋಡೋಫಾರ್ಮ್‌ನ ಹಳದಿ ಪ್ರಕ್ಷೇಪ ಕೊಡುತ್ತದೆ, ಪೆಂಟನ್-3-ಓನ್ ಕೊಡುವುದಿಲ್ಲ. ಲ್ಯೂಕಾಸ್ ಕಾರಕದಲ್ಲಿ ಟರ್ಷಿಯರಿ ಆಲ್ಕೋಹಾಲ್ ತಕ್ಷಣ ಕದಡುತ್ತದೆ, ಸೆಕೆಂಡರಿ ಐದು ನಿಮಿಷದ ಆಸುಪಾಸಿನಲ್ಲಿ, ಪ್ರೈಮರಿ ಕೊಠಡಿ ತಾಪದಲ್ಲಿ ಕದಡುವುದೇ ಇಲ್ಲ. ಆಲ್ಡಿಹೈಡಿನಲ್ಲಿ ಆಲ್ಫಾ ಹೈಡ್ರೋಜನ್ ಇದ್ದರೆ ಆಲ್ಡಾಲ್ ಕ್ರಿಯೆ, ಇಲ್ಲದಿದ್ದರೆ ಕ್ಯಾನಿಜಾರೋ. ರಚನೆ ಬಿಡಿಸಿ ನೋಡಿಯೇ ತೀರ್ಮಾನಿಸಿ, ಹೆಸರು ನೋಡಿ ಅಲ್ಲ.

ಕೊನೆಯ ವಾರ

ಹಳೇ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ತಪ್ಪಾದ ಪ್ರತಿ ಉತ್ತರದ ಪಕ್ಕ ಒಂದೇ ಪದದಲ್ಲಿ ಕಾರಣ ಬರೆಯಿರಿ: ಏಕಮಾನ, ತಾಪ, ದ್ರಾವಕ, ಕಾರ್ಬನ್, ಓದಿಲ್ಲ. ಮೂರು ಪತ್ರಿಕೆಗಳಲ್ಲಿ ಯಾವ ಪದ ಮತ್ತೆ ಮತ್ತೆ ಬರುತ್ತದೋ ಅದಕ್ಕೆ ಮಾರನೇ ದಿನ ಕೊಡಿ. ಹೊಸ ಗೈಡ್ ಕೊಳ್ಳುವ ಹೊತ್ತು ಇದಲ್ಲ.

ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡ್. ಮೊದಲ ಸುತ್ತಿನಲ್ಲಿ ನೋಡಿದ ಕೂಡಲೇ ಹೊಳೆಯುವ ಇನಾರ್ಗಾನಿಕ್ ಮತ್ತು ಆರ್ಗಾನಿಕ್ ಪ್ರಶ್ನೆಗಳನ್ನು ಮುಗಿಸಿ, ಎರಡನೇ ಸುತ್ತಿಗೆ ಲೆಕ್ಕಗಳನ್ನು ಇಟ್ಟುಕೊಳ್ಳಿ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಓಎಂಆರ್ ಹಾಳೆಯಲ್ಲಿ ಸಾಲು ತಪ್ಪುವುದು ಸಾಮಾನ್ಯ, ಪ್ರತಿ ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ಹೊಂದಿಸಿ ನೋಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ: ಏಕಮಾನ ಹೊಂದದ ಆಯ್ಕೆ, ದಿಕ್ಕು ತಪ್ಪಿದ ಆಯ್ಕೆ ಹೊಡೆದುಹಾಕಿ, ಉಳಿದ ಎರಡರಲ್ಲಿ ಒಂದನ್ನು ತುಂಬಿ.